ನಿಂತಾಗಲೂ ಅಲುಗುವ ಫ್ಲೈ: ಬ್ಯಾಸ್ ಮೀನಿಗಾಗಿ ಕಟ್ಟುವುದು, ಬೀಸುವುದು

ತಾವರೆ ಎಲೆಗಳ ನಡುವೆ ಮೊರದಷ್ಟು ಅಗಲದ ಬಿಡುವು. ನನ್ನ ಪಾಪರ್, ನೀರಿನ ಮೇಲೆ ತೇಲುತ್ತಾ ಸದ್ದು ಮಾಡುವ ಫ್ಲೈ, ಅಲ್ಲಿ ಟಪ್ಪೆಂದು ಬಿತ್ತು. ಉಂಗುರಗಳು ಹರಡಿ, ಎಲೆಗಳ ಅಂಚಿಗೆ ತಾಗಿ, ಇಲ್ಲವಾದವು. ಎಳೆಯಬೇಕೆಂದು ಕೈ ತುರಿಸುತ್ತಿತ್ತು. ಎಳೆಯಲಿಲ್ಲ. ಹತ್ತು ಎಣಿಸಿದೆ, ಹದಿನೈದು ಎಣಿಸಿದೆ. ಪಾಪರ್‌ನ ರಬ್ಬರ್ ಕಾಲುಗಳು ಮಾತ್ರ ತಮ್ಮಷ್ಟಕ್ಕೆ ತಾವು ನಡುಗುತ್ತಿದ್ದವು. ಪಕ್ಕದ ತಾವರೆ ದಂಟು ಒಮ್ಮೆ ಅಲುಗಿತು. ಆಮೇಲೆ ನೀರು ಒಳಕ್ಕೆ ಕುಸಿಯಿತು. ಪಾಪರ್ ಇದ್ದ ಜಾಗದಲ್ಲಿ ಒಂದು ಗುಂಡಿ, ಅಷ್ಟೇ.

ಆ ಮೀನು ಬಂದದ್ದು ನಾನು ಏನೂ ಮಾಡದೆ ಕೂತಿದ್ದಾಗ. ಅದಕ್ಕೂ ಮೊದಲು ಎರಡು ಬೇಸಿಗೆ ಎಳೆದೆಳೆದು ಕೈ ಸೋತಿತ್ತು. ಆವತ್ತಿನಿಂದ ಫ್ಲೈ (ಕೊಕ್ಕೆಗೆ ಕೂದಲು, ಗರಿ ಕಟ್ಟಿ ಮಾಡುವ ಹುಸಿ ಬೇಟೆ) ಕಟ್ಟಲು ಕೂತಾಗಲೆಲ್ಲ ನನ್ನನ್ನೇ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ನಾನು ಎಳೆಯುವುದನ್ನು ನಿಲ್ಲಿಸಿದಾಗ ಇದು ಏನು ಮಾಡುತ್ತದೆ? ಯಾವ ಕೂದಲು, ಎಷ್ಟು ಕೂದಲು, ಎಷ್ಟು ಭಾರ, ಕಾಲು ಎಷ್ಟುದ್ದ ಎಂಬುದೆಲ್ಲ ಆ ಪ್ರಶ್ನೆಯಿಂದಲೇ ತೀರ್ಮಾನವಾಗುತ್ತದೆ. ಈ ಲೇಖನವೂ ಅದರ ಸುತ್ತಲೇ ಸುತ್ತುತ್ತದೆ.

ಮೊದಲು ಮೀನು

ಬ್ಯಾಸ್ ಎಂದಾಗ ಫ್ಲೈ ಹಿಡಿದವರ ಮನಸ್ಸಿಗೆ ಬರುವುದು ಎರಡು: ಲಾರ್ಜ್‌ಮೌತ್ ಮತ್ತು ಸ್ಮಾಲ್‌ಮೌತ್. ಎರಡೂ ಉತ್ತರ ಅಮೆರಿಕ ಮೂಲದವು, ಎರಡೂ ಸನ್‌ಫಿಶ್ ಕುಟುಂಬಕ್ಕೆ ಸೇರಿದವು. ಗುರುತು ಹಿಡಿಯುವುದು ಸುಲಭ. ಬಾಯಿ ಮುಚ್ಚಿದಾಗ ದವಡೆಯ ತುದಿ ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿದ್ದರೆ ಲಾರ್ಜ್‌ಮೌತ್. ಅದರ ಪಕ್ಕೆಯ ಉದ್ದಕ್ಕೂ ಕಪ್ಪು ಪಟ್ಟಿ ಇರುತ್ತದೆ. ದವಡೆ ಕಣ್ಣನ್ನು ದಾಟದೆ, ಮೈಮೇಲೆ ಮೇಲಿಂದ ಕೆಳಕ್ಕೆ ಇಳಿದ ಮಸುಕು ಪಟ್ಟಿಗಳಿದ್ದು, ಕಣ್ಣು ಕೆಂಪಗಿದ್ದರೆ ಸ್ಮಾಲ್‌ಮೌತ್.

ಇವುಗಳ ಸ್ವಭಾವದಲ್ಲಿ ಮೀನುಗಾರನಿಗೆ ಮುಖ್ಯವಾದದ್ದು ಬೇರೆಯೇ. ಲಾರ್ಜ್‌ಮೌತ್‌ಗೆ ನಿಂತ ನೀರು, ಜೊಂಡು, ತಾವರೆ ಎಲೆ, ನೀರಿಗೆ ಬಿದ್ದ ಮರ, ನೆರಳು ಬೇಕು. ಅದು ಹೊಂಚು ಹಾಕಿ ಕೂರುವ ಮೀನು. ಸ್ಮಾಲ್‌ಮೌತ್‌ಗೆ ಬಂಡೆ, ಜಲ್ಲಿ, ತಣ್ಣನೆಯ ತಿಳಿನೀರು, ಸ್ವಲ್ಪ ಹರಿವು ಇಷ್ಟ. ಕಲ್ಲಿನ ಸಂದಿಯಲ್ಲಿ ಅಡಗುವ ಕ್ರೇಫಿಶ್ (ಸಿಹಿನೀರಿನ ಸೀಗಡಿಯಂಥ ಜೀವಿ) ಎಂದರೆ ಪ್ರಾಣ. ಎರಡಕ್ಕೂ ಚಿಕ್ಕ ಮೀನು, ಕಪ್ಪೆ, ಹುಳುಹುಪ್ಪಟೆ, ಜಿಗಣೆ, ಏನಾದರೂ ಆದೀತು.

ತಿನ್ನುವ ರೀತಿಯನ್ನೂ ತಿಳಿದಿರಬೇಕು. ಬ್ಯಾಸ್ ಬೇಟೆಯನ್ನು ಹಲ್ಲಿನಿಂದ ಕಚ್ಚಿ ಹಿಡಿಯುವುದಕ್ಕಿಂತ ಹೆಚ್ಚಾಗಿ, ದೊಡ್ಡ ಬಾಯನ್ನೂ ಕಿವಿರಿನ ಮುಚ್ಚಳವನ್ನೂ ಒಮ್ಮೆಲೇ ಅಗಲಿಸಿ ನೀರಿನ ಸಮೇತ ಒಳಕ್ಕೆ ಹೀರಿಕೊಳ್ಳುತ್ತದೆ. ಬೇಡವೆನಿಸಿದರೆ ಅಷ್ಟೇ ಬೇಗ ಉಗುಳಿಯೂ ಬಿಡುತ್ತದೆ. ಆದ್ದರಿಂದ ಫ್ಲೈ ಹಗುರಾಗಿ, ಮೆತ್ತಗೆ, ಲೀಡರ್‌ನ (ಬೀಸುವ ದಪ್ಪ ದಾರಕ್ಕೂ ಫ್ಲೈಗೂ ನಡುವಿನ ತೆಳು ಎಳೆಯ) ತುದಿಯಲ್ಲಿ ಸಡಿಲವಾಗಿ ಇದ್ದಷ್ಟೂ ಒಳಕ್ಕೆ ಚೆನ್ನಾಗಿ ಹೋಗುತ್ತದೆ. ಗಟ್ಟಿ ಪ್ಲಾಸ್ಟಿಕ್ ಗಾಳಗಳ ಎದುರು ಕೂದಲು ಮತ್ತು ಗರಿಯ ಫ್ಲೈಗೆ ಇರುವ ಲಾಭ ಇದೇ.

ಸಲಕರಣೆ

ಫ್ಲೈ ಹಾಕುವಾಗ ದೂರಕ್ಕೆ ಹೋಗುವುದು ಗಾಳದ ಭಾರದಿಂದಲ್ಲ, ಲೈನ್‌ನ, ಅಂದರೆ ಬೀಸುವ ದಪ್ಪ ದಾರದ, ಭಾರದಿಂದ. ರಾಡ್ (ಬೀಸುವ ಕೋಲು) ಮತ್ತು ಲೈನ್‌ಗಳ ಮೇಲಿನ ನಂಬರ್ ಹೇಳುವುದು ಇದನ್ನೇ: ಲೈನ್‌ನ ಮೊದಲ 9 ಮೀಟರ್ ಎಷ್ಟು ತೂಗುತ್ತದೆ ಎಂದು. 5 ನಂಬರ್ ಲೈನ್‌ನ ಆ ಭಾಗ ಸುಮಾರು 9 ಗ್ರಾಂ, 8 ನಂಬರ್‌ನದು ಸುಮಾರು 13.6 ಗ್ರಾಂ. ಗಾಳಿಗೆ ಅಡ್ಡ ನಿಲ್ಲುವ ದಪ್ಪ ಪಾಪರನ್ನು ಒಯ್ಯಲು ಆ ಹೆಚ್ಚಿನ ಭಾರ ಬೇಕೇ ಬೇಕು. ಆದ್ದರಿಂದ ಲಾರ್ಜ್‌ಮೌತ್‌ಗೆ 9 ಅಡಿಯ 8 ನಂಬರ್ ರಾಡ್, ಹೊಳೆಯ ಸ್ಮಾಲ್‌ಮೌತ್‌ಗೆ 6 ಅಥವಾ 7 ಸಾಕು. ಒಂದೇ ಕೊಳ್ಳುವುದಾದರೆ 7 ಕೊಳ್ಳಿ ಎನ್ನುತ್ತೇನೆ.

ಲೈನ್ ತೇಲುವಂಥದ್ದಿರಲಿ, ಭಾರ ಮುಂದಿನ ಭಾಗದಲ್ಲಿ ಒಟ್ಟುಗೂಡಿರಲಿ. ಬ್ಯಾಸ್‌ಗೆಂದೇ ಮಾಡಿದ ಲೈನ್‌ಗಳಲ್ಲಿ ಈ ಮುಂಭಾಗ ಗಿಡ್ಡವಾಗಿ, ದಪ್ಪವಾಗಿ ಇರುತ್ತದೆ. ಲೈನ್ ಸುತ್ತಿಡುವ ರೀಲಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬ್ಯಾಸ್ ಜೊತೆಗಿನ ಸೆಣಸಾಟ ಹೆಚ್ಚಾಗಿ ಕೈಯಲ್ಲೇ ಮುಗಿಯುತ್ತದೆ.

ಲೀಡರ್ 7.5 ಅಡಿ ಇದ್ದರೆ ಸಾಕು. ಉದ್ದವಾದಷ್ಟೂ ದಪ್ಪ ಫ್ಲೈ ಬೀಸುವುದು ಕಷ್ಟ. ತುದಿಯ ದಪ್ಪ 0ಎಕ್ಸ್, ಅಂದರೆ ಸುಮಾರು 0.28 ಮಿ.ಮೀ. (ಎಕ್ಸ್ ನಂಬರ್ ಹೆಚ್ಚಿದಷ್ಟೂ ಎಳೆ ತೆಳು). ಜೊಂಡಿನ ನಡುವೆ ಹಾಕುವುದಾದರೆ ಇನ್ನೂ ದಪ್ಪ ಇರಲಿ. ತಿಳಿನೀರಿನ ಸ್ಮಾಲ್‌ಮೌತ್‌ಗೆ ಮಾತ್ರ 9 ಅಡಿಯ ಲೀಡರ್, 2ಎಕ್ಸ್‌ವರೆಗೆ ಇಳಿಯಬಹುದು. ತಂಪು ಕನ್ನಡಕ ಮತ್ತು ಟೋಪಿಯನ್ನೂ ಈ ಸಲಕರಣೆಯ ಪಟ್ಟಿಯಲ್ಲೇ ಸೇರಿಸಿ. ಡಂಬೆಲ್ ಕಣ್ಣಿನ (ಎರಡು ಲೋಹದ ಗುಂಡುಗಳ ಜೋಡಿ ಕಟ್ಟಿದ) ಫ್ಲೈ ತಲೆಯ ಪಕ್ಕದಲ್ಲಿ ಹಾದುಹೋಗುವಾಗ ಕೇಳಿಸುವ ಸದ್ದನ್ನು ಒಮ್ಮೆ ಕೇಳಿದವರು ಕನ್ನಡಕವಿಲ್ಲದೆ ಬೀಸುವುದಿಲ್ಲ.

ಕಟ್ಟುವ ಮೇಜು

ಕೊಕ್ಕೆಯನ್ನು ಅಲುಗದಂತೆ ಹಿಡಿಯುವ ವೈಸ್, ದಾರದ ಉಂಡೆ ಹಿಡಿಯುವ ಬಾಬಿನ್, ಚೂಪು ತುದಿಯ ಕತ್ತರಿ, ಕೊನೆಯಲ್ಲಿ ದಾರ ಬಿಚ್ಚದಂತೆ ವಿಪ್ ಫಿನಿಷ್ ಗಂಟು ಹಾಕುವ ಉಪಕರಣ, ಒಂದು ದಬ್ಬಣ, ಅಂಟು. ಆರಂಭಕ್ಕೆ ಇಷ್ಟು ಸಾಕು. ಕತ್ತರಿ ಎರಡಿರಲಿ, ಒಂದು ಕೂದಲಿಗೆ, ಇನ್ನೊಂದು ಗಟ್ಟಿ ಸಾಮಾನಿಗೆ. ದಾರ ಗಟ್ಟಿಯದಿರಲಿ. ತೆಳು ದಾರದಲ್ಲಿ ಜಿಂಕೆ ಕೂದಲನ್ನು ಬಿಗಿಯಲು ಹೋದರೆ ಅರ್ಧಕ್ಕೇ ತುಂಡಾಗಿ, ಕೂದಲೆಲ್ಲ ಮಡಿಲಿಗೆ ಬೀಳುತ್ತದೆ.

ಜಿಂಕೆ ಕೂದಲು ಎಂದೆ. ಬ್ಯಾಸ್‌ಗೆ ಕೂದಲು, ಗರಿ ಕಟ್ಟುವುದು ಇಂದು ನಿನ್ನೆಯದಲ್ಲ. 1791ರಲ್ಲಿ ಅಚ್ಚಾದ ತಮ್ಮ ಪ್ರವಾಸದ ಬರಹದಲ್ಲಿ ಸಸ್ಯಶಾಸ್ತ್ರಜ್ಞ ವಿಲಿಯಂ ಬಾರ್ಟ್ರಮ್ ಅವರು ಫ್ಲಾರಿಡಾದಲ್ಲಿ ಕಂಡದ್ದನ್ನು ವರ್ಣಿಸಿದ್ದಾರೆ. ಇಬ್ಬರು ದೋಣಿಯಲ್ಲಿ ಕೂತು, ಉದ್ದನೆಯ ಕೋಲಿನ ತುದಿಗೆ ಗೇಣೆರಡರಷ್ಟು ದಾರ ಕಟ್ಟಿ, ಬೆನ್ನಿಗೆ ಬೆನ್ನು ಸೇರಿಸಿದ ಮೂರು ಕೊಕ್ಕೆಗಳನ್ನು ಜಿಂಕೆ ಬಾಲದ ಬಿಳಿ ಕೂದಲು, ಕೆಂಪು ಬಟ್ಟೆಯ ಚೂರು, ಬಣ್ಣದ ಗರಿಗಳಿಂದ ಮುಚ್ಚಿ ಜೊಂಡಿನ ಅಂಚಿನಲ್ಲಿ ಆಡಿಸುತ್ತಿದ್ದರಂತೆ. ಈಗ ನಾವು ಕಟ್ಟಹೊರಟಿರುವ ಮೊದಲ ಫ್ಲೈಗೂ ಅದೇ ಜಿಂಕೆ ಬಾಲದ ಬಿಳಿ ಕೂದಲೇ ಬೇಕು.

ಕ್ಲೌಸರ್ ಮಿನ್ನೋ

ಪೆನ್ಸಿಲ್ವೇನಿಯಾದ ಸಸ್ಕ್ವೆಹಾನ ನದಿಯಲ್ಲಿ ಗೈಡ್ ಆಗಿದ್ದ ಬಾಬ್ ಕ್ಲೌಸರ್ ಅವರು 1980ರ ದಶಕದಲ್ಲಿ ಸ್ಮಾಲ್‌ಮೌತ್‌ಗಾಗಿ ರೂಪಿಸಿದ ಫ್ಲೈ ಇದು. ಹೆಸರಿಟ್ಟವರು ಫ್ಲೈ ಮೀನುಗಾರಿಕೆಯ ಬರಹಗಾರ ಲೆಫ್ಟಿ ಕ್ರೇ. ಒಂದೇ ಒಂದು ಫ್ಲೈ ಕಲಿಯುವುದಾದರೆ ಇದನ್ನು ಕಲಿಯಿರಿ. ಕೊಕ್ಕೆಯ ಕಾಂಡದ ಮೇಲುಗಡೆ ಭಾರದ ಡಂಬೆಲ್ ಕಣ್ಣು ಕಟ್ಟುವುದರಿಂದ ನೀರಿನಲ್ಲಿ ಫ್ಲೈ ಮಗುಚಿಕೊಂಡು, ಕೊಕ್ಕೆಯ ಮೊನೆ ಮೇಲಕ್ಕೆ ಬರುತ್ತದೆ. ಬಂಡೆಗೆ, ಕೊರಡಿಗೆ ಸಿಕ್ಕಿಹಾಕಿಕೊಳ್ಳುವುದು ಬಹಳ ಕಡಿಮೆಯಾಗುತ್ತದೆ. ಎಳೆದರೆ ಮೇಲೇರುತ್ತದೆ, ನಿಲ್ಲಿಸಿದರೆ ತಲೆ ಕೆಳಗಾಗಿ ಇಳಿಯುತ್ತದೆ. ಗಾಯಗೊಂಡ ಮರಿಮೀನು ತಳಕ್ಕೆ ಜಾರುವುದು ಹೀಗೆಯೇ. ಕಟ್ಟುವವನ ಕೈಚಳಕವೆಲ್ಲ ಆ ಇಳಿತಕ್ಕೇ ಮೀಸಲು.

ಬೇಕಾದದ್ದು: ಉದ್ದ ಕಾಂಡದ 2 ಅಥವಾ 4 ನಂಬರ್ ಕೊಕ್ಕೆ (ನಂಬರ್ ಹೆಚ್ಚಿದಷ್ಟೂ ಕೊಕ್ಕೆ ಚಿಕ್ಕದು), ಡಂಬೆಲ್ ಕಣ್ಣು, ಬಿಳಿ ಮತ್ತು ಹಸುರು ಮಿಶ್ರಿತ ಹಳದಿ ಬಣ್ಣದ ಜಿಂಕೆ ಬಾಲದ ಕೂದಲು, ಐದಾರು ಎಳೆ ಹೊಳೆಯುವ ಫ್ಲ್ಯಾಶ್. ಕಣ್ಣಿನ ಭಾರ ಅರ್ಧ ಗ್ರಾಂನಿಂದ ಒಂದೂಕಾಲು ಗ್ರಾಂ ಒಳಗಿರಲಿ. ಮೊಣಕಾಲಿನಷ್ಟು ಆಳದ ಹೊಳೆಗೆ ಹಗುರದ್ದು, ಮಡುವಿಗೆ ಭಾರದ್ದು. ಸೀಸದ ಕಣ್ಣು ಅಗ್ಗ, ನಿಜ. ಆದರೆ ಸೀಸ ನೀರುಹಕ್ಕಿಗಳಿಗೆ ವಿಷ, ಹಲವು ಕಡೆ ಸಣ್ಣ ಸೀಸದ ಸಲಕರಣೆಗಳಿಗೆ ನಿರ್ಬಂಧವೂ ಇದೆ. ನಾನು ಹಿತ್ತಾಳೆಯದನ್ನು ಬಳಸುತ್ತೇನೆ. ಅದು ಸೀಸಕ್ಕಿಂತ ಹಗುರ, ಆದ್ದರಿಂದ ಒಂದು ಅಳತೆ ದೊಡ್ಡದನ್ನು ಆರಿಸಿಕೊಳ್ಳಿ.

1. ಕೊಕ್ಕೆಯ ಮುಳ್ಳನ್ನು (ಮೊನೆಯ ಹಿಂದೆ ಹಿಮ್ಮುಖವಾಗಿ ಚಾಚಿದ್ದನ್ನು) ಮೊದಲೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಮುಳ್ಳು ಮುರಿಯುವಾಗ ಕೊಕ್ಕೆಯೇ ಮುರಿಯುವುದುಂಟು. ಫ್ಲೈ ಕಟ್ಟಿ ಮುಗಿಸಿದ ಮೇಲೆ ಹಾಗಾದರೆ ಹೊಟ್ಟೆ ಉರಿಯುತ್ತದೆ. ಆಮೇಲೆ ವೈಸ್‌ಗೆ ಸಿಕ್ಕಿಸಿ, ಕಾಂಡದ ಮುಂದಿನ ಅರ್ಧಕ್ಕೆ ಒತ್ತೊತ್ತಾಗಿ ದಾರ ಸುತ್ತಿ.

2. ಕೊಕ್ಕೆಯ ತೂತಿನಿಂದ ಕಾಂಡದ ಮೂರನೇ ಒಂದು ಭಾಗದಷ್ಟು ಹಿಂದೆ, ಕಾಂಡದ ಮೇಲೆ ಡಂಬೆಲ್ ಕಣ್ಣನ್ನಿಟ್ಟು ಮೊದಲು ಒಂದು ಓರೆಗೆ ಹತ್ತು ಸುತ್ತು, ಆಮೇಲೆ ಇನ್ನೊಂದು ಓರೆಗೆ ಹತ್ತು ಸುತ್ತು ಹಾಕಿ. ಕಣ್ಣಿನ ಕೆಳಗೆ, ಕಾಂಡದ ಮೇಲೆ, ಬುಗುರಿಗೆ ಚಾಟಿ ಸುತ್ತುವ ಹಾಗೆ ಅಡ್ಡಡ್ಡ ನಾಲ್ಕು ಸುತ್ತು ಬಿಗಿದರೆ ಮೊದಲಿನ ಸುತ್ತುಗಳೆಲ್ಲ ಬಿಗಿಯಾಗುತ್ತವೆ. ಮೇಲೆ ಒಂದು ಹನಿ ಅಂಟು. ಬೆರಳಿನಿಂದ ತಿರುಗಿಸಿ ನೋಡಿ. ಕಣ್ಣು ಅಲುಗಿದರೆ ಬಿಚ್ಚಿ ಮತ್ತೆ ಕಟ್ಟಿ. ಸಡಿಲ ಕಣ್ಣಿನ ಕ್ಲೌಸರ್ ನೀರಿನಲ್ಲಿ ಮಗ್ಗುಲಿಗೆ ಮಲಗುತ್ತದೆ.

3. ಬಿಳಿ ಕೂದಲನ್ನು ಬಾಲದ ತುದಿಯ ಕಡೆಯಿಂದ ಕತ್ತರಿಸಿ. ಬುಡದ ಕಡೆಯ ಕೂದಲು ಒಳಗೆ ಟೊಳ್ಳು, ದಾರ ಬಿಗಿದೊಡನೆ ಪೊರಕೆಯ ಹಾಗೆ ಕೆದರಿಕೊಳ್ಳುತ್ತದೆ. ಹಿಡಿದಾಗ ಕಂತೆ ಬೆಂಕಿಕಡ್ಡಿಗಿಂತ ತುಸು ದಪ್ಪ ಇರಲಿ, ಹೆಚ್ಚು ಬೇಡ. ಒಳಗಿನ ಗಿಡ್ಡ ಕೂದಲನ್ನು ಬೆರಳಿನಿಂದ ಎಳೆದು ತೆಗೆಯಿರಿ. ಕೂದಲಿನ ಉದ್ದ ಕೊಕ್ಕೆಯ ಎರಡರಿಂದ ಮೂರು ಪಟ್ಟು ಇರಲಿ.

4. ಬುಡವನ್ನು ಓರೆಯಾಗಿ ಕತ್ತರಿಸಿ, ಕಣ್ಣಿನ ಮುಂದೆ ಕಟ್ಟಿ. ಕೂದಲನ್ನು ಎರಡು ಕಣ್ಣುಗಳ ನಡುವಿನ ತೋಡಿನಲ್ಲಿ ಹಾಯಿಸಿ, ಕಣ್ಣಿನ ಹಿಂದೆ ಮೂರ್ನಾಲ್ಕು ಸುತ್ತು ಹಾಕಿ ಕೂರಿಸಿ. ಹಿಂದಿನ ಈ ಸುತ್ತುಗಳು ತೀರಾ ಬಿಗಿ ಬೇಡ. ಬಿಗಿಯಾದರೆ ಕೂದಲು ಅಲ್ಲೇ ಸೆಟೆದು ನಿಲ್ಲುತ್ತದೆ.

5. ಕೊಕ್ಕೆಯನ್ನು ವೈಸ್‌ನಲ್ಲಿ ಮಗುಚಿ ಹಿಡಿಯಿರಿ, ಮೊನೆ ಮೇಲೆ ಬರಲಿ. ಕಣ್ಣಿನ ಮುಂದೆ ಫ್ಲ್ಯಾಶ್ ಎಳೆಗಳನ್ನು ಕಟ್ಟಿ. ಕೂದಲಿಗಿಂತ ಒಂದು ಬೆರಳಗಲ ಉದ್ದ ಬಿಡಿ. ಅದರ ಮೇಲೆ ಹಳದಿ ಕಂತೆ. ಇದನ್ನು ಕಣ್ಣಿನ ಹಿಂದೆ ಕಟ್ಟಬಾರದು, ಮುಂದೆ ಮಾತ್ರ. ಕೂದಲು ಕೊಕ್ಕೆಯ ಮೊನೆಯ ಎರಡೂ ಬದಿ ಹರಡಿಕೊಂಡು ಅದನ್ನು ಮರೆಮಾಡುತ್ತದೆ.

6. ತಲೆಯನ್ನು ದಾರದಿಂದ ನುಣ್ಣಗೆ ಕೋನಾಕಾರಕ್ಕೆ ತಂದು, ವಿಪ್ ಫಿನಿಷ್ ಗಂಟು ಹಾಕಿ, ಅಂಟು ಸವರಿ.

ಹೊಸಬರೆಲ್ಲ ಮಾಡುವ ತಪ್ಪು ಕೂದಲು ಹೆಚ್ಚು ಹಾಕುವುದು. ನಾನೂ ಮಾಡಿದ್ದೇನೆ. ಮೊದಲ ವರ್ಷದ ನನ್ನ ಕ್ಲೌಸರ್‌ಗಳು ಮೇಜಿನ ಮೇಲೆ ತುಂಬ ಚೆಂದ ಕಾಣುತ್ತಿದ್ದವು, ನೀರಿನಲ್ಲಿ ಬಣ್ಣದ ಬ್ರಷ್ಷಿನಂತೆ ಗಟ್ಟಿಯಾಗಿ ನಿಲ್ಲುತ್ತಿದ್ದವು. ಮುಗಿದ ಫ್ಲೈಯನ್ನು ಬೆಳಕಿಗೆ ಹಿಡಿಯಿರಿ: ಕೂದಲಿನ ನಡುವಿನಿಂದ ಆಚೆಯದು ಕಾಣಬೇಕು. ಕಾಣದಿದ್ದರೆ ಅರ್ಧ ಕೂದಲು ಕಿತ್ತುಬಿಡಿ. ಆಮೇಲೆ ಒಂದು ಬಕೆಟ್ ನೀರಿನಲ್ಲಿ ಬಿಟ್ಟು ಅದು ಇಳಿಯುವುದನ್ನು ನೋಡಿ. ಕೂದಲು ಒಂದಕ್ಕೊಂದು ಅಂಟಿ, ಮತ್ತೆ ಬಿಚ್ಚಿ, ಉಸಿರಾಡುವ ಹಾಗೆ ಇಳಿದರೆ ಸರಿಯಾಗಿದೆ ಎಂದರ್ಥ.

ಫೋಮ್ ಪಾಪರ್

20ನೇ ಶತಮಾನದ ಆರಂಭದಲ್ಲಿ ಪಾಪರ್ ಎಂದರೆ ಬೆಂಡಿನ ತುಂಡು. ಈಗ ಮುಚ್ಚಿದ ಗುಳ್ಳೆಗಳ ಫೋಮ್ ಸಿಗುತ್ತದೆ. ನೀರು ಕುಡಿಯುವುದಿಲ್ಲ, ಮುರಿಯುವುದಿಲ್ಲ, ಬಂಡೆಗೆ ಬಡಿದರೂ ಬಣ್ಣ ಏಳುವುದಿಲ್ಲ. ಕಾಂಡದಲ್ಲಿ ಗೂನಿರುವ, ಬಾಯಿ ಅಗಲವಾದ ಪಾಪರ್ ಕೊಕ್ಕೆ ತೆಗೆದುಕೊಳ್ಳಿ. ಆ ಗೂನು ಇರುವುದೇ ಫೋಮ್ ತಿರುಗದಂತೆ ತಡೆಯಲು. ಲಾರ್ಜ್‌ಮೌತ್‌ಗೆ 2 ನಂಬರ್, ಸ್ಮಾಲ್‌ಮೌತ್‌ಗೆ 4 ಅಥವಾ 6.

ಪಾಪರನ್ನು ಹಿಂದಿನಿಂದ ಮುಂದಕ್ಕೆ ಕಟ್ಟುತ್ತಾ ಬರಬೇಕು. ಕೊಕ್ಕೆಯ ಬಾಗಿನ ಹತ್ತಿರ ಮೊದಲು ಬಾಲ: ನಾಲ್ಕು ಹುಂಜದ ಗರಿ, ಎರಡೆರಡು ಜೋಡಿ, ಬೆನ್ನಿಗೆ ಬೆನ್ನು ಮಾಡಿ, ಕಪ್ಪೆಯ ಕಾಲಿನಂತೆ ಆಚೀಚೆ ಬಾಗುವ ಹಾಗೆ. ಎಳೆದಾಗ ಇವು ಹತ್ತಿರ ಸೇರುತ್ತವೆ, ನಿಂತಾಗ ಅಗಲಿಸಿಕೊಳ್ಳುತ್ತವೆ. ಅದರ ಮುಂದೆ ಮೆತ್ತನೆಯ ಒಂದು ಗರಿಯನ್ನು ಐದಾರು ಸುತ್ತು ಸುತ್ತಿ ಕಾಲರ್ ಮಾಡಿ. ಗಂಟು ಹಾಕಿ ದಾರ ಕತ್ತರಿಸಿ.

ಈಗ ಫೋಮ್. ಹೊಟ್ಟೆಯ ಕಡೆ ಬ್ಲೇಡಿನಿಂದ ಒಂದು ಸೀಳು ಮಾಡಿ, ಕಾಂಡಕ್ಕೆ ಕೂರಿಸಿ ನೋಡಿ. ಅಂಟು ಹಾಕುವ ಮೊದಲೇ ಅಳೆಯಬೇಕಾದದ್ದು ಒಂದಿದೆ: ಫೋಮ್‌ನ ಹೊಟ್ಟೆಗೂ ಕೊಕ್ಕೆಯ ಮೊನೆಗೂ ನಡುವೆ ಎಷ್ಟು ಜಾಗ ಉಳಿದಿದೆ? ಕೊಕ್ಕೆಯ ಬಾಯಿಯಲ್ಲಿ ಅರ್ಧಕ್ಕಿಂತ ಹೆಚ್ಚು ಫೋಮ್ ತುಂಬಿಕೊಂಡಿದ್ದರೆ ಮೀನು ಬಂದು ಹೊಡೆಯುತ್ತದೆ, ಕೊಕ್ಕೆ ಮಾತ್ರ ಚುಚ್ಚುವುದಿಲ್ಲ. ಕಾಂಡ ಫೋಮ್‌ನ ತಳದ ಅಂಚಿನಲ್ಲೇ ಇರಬೇಕು, ನಡುಮಧ್ಯದಲ್ಲಲ್ಲ. ದಾರ ಸುತ್ತಿದ ಕಾಂಡಕ್ಕೆ ಅಂಟು ಹಚ್ಚಿ, ಒಂದೇ ಸಲಕ್ಕೆ ನೇರ ಕೂರಿಸಿ, ಒತ್ತಿ ಹಿಡಿಯಿರಿ.

ಮುಖವನ್ನು ಬಟ್ಟಲಿನಂತೆ ಒಳಕ್ಕೆ ಕೊರೆದರೆ ಗುಳುಂ ಎಂಬ ದೊಡ್ಡ ಸದ್ದು ಬರುತ್ತದೆ. ಚಪ್ಪಟೆ ಬಿಟ್ಟರೆ ಸಣ್ಣಗೆ ಚಿಮ್ಮುತ್ತದೆ. ಗಾಳಿಯಿಂದ ಅಲೆ ಎದ್ದಿರುವಾಗ, ನೀರು ಕದಡಿರುವಾಗ ಬಟ್ಟಲು ಮುಖ. ಕನ್ನಡಿಯಂಥ ನೀರಿಗೆ ಮೂತಿ ಚೂಪಾದ, ಸದ್ದೇ ಮಾಡದ ಸ್ಲೈಡರ್ ವಾಸಿ. ನನ್ನ ಡಬ್ಬಿಯಲ್ಲಿ ಈಗೀಗ ಸ್ಲೈಡರ್‌ಗಳೇ ಹೆಚ್ಚು.

ಕೊನೆಗೆ ಕಾಲು. ದಪ್ಪ ಸೂಜಿಗೆ ರಬ್ಬರ್ ಎಳೆ ಪೋಣಿಸಿ, ಫೋಮ್‌ನ ಒಂದು ಪಕ್ಕೆಯಿಂದ ಇನ್ನೊಂದಕ್ಕೆ ಹಾಯಿಸಿ. ಎರಡು ಎಳೆ, ನಾಲ್ಕು ಕಾಲು. ಮೊದಲು ಉದ್ದವಾಗಿಯೇ ಬಿಡಿ, ನೀರಿನಲ್ಲಿ ನೋಡಿ ಆಮೇಲೆ ಕತ್ತರಿಸಿ. ತೀರಾ ಉದ್ದದ ಕಾಲು ಕೊಕ್ಕೆಗೆ ಸುತ್ತಿಕೊಳ್ಳುತ್ತದೆ. ತೀರಾ ಗಿಡ್ಡದ್ದು ನಡುಗುವುದಿಲ್ಲ. ಮೊದಲಿಗೆ ಹೇಳಿದ ಆ ಮೀನನ್ನು ಕರೆದದ್ದು ಈ ನಾಲ್ಕು ಎಳೆ ರಬ್ಬರ್ ಎಂದೇ ನನ್ನ ನಂಬಿಕೆ. ಪಾಪರ್ ಅಲುಗದೆ ನಿಂತಾಗಲೂ ನೀರಿನ ಸಣ್ಣ ಅಲುಗಾಟ ಸಾಕು, ಕಾಲುಗಳು ಮಿಡಿಯುತ್ತಲೇ ಇರುತ್ತವೆ.

ಜೊಂಡಿನಲ್ಲಿ ಹಾಕುವ ಪಾಪರ್‌ಗೆ ಸಿಕ್ಕು ತಡೆಯುವ ಕಣ್ಣಿಯೂ ಬೇಕು. ಅರ್ಧ ಮಿ.ಮೀ. ದಪ್ಪದ ನೈಲಾನ್ ಎಳೆಯ ಒಂದು ತುದಿಯನ್ನು ಬಾಲ ಕಟ್ಟುವ ಮೊದಲೇ ಕೊಕ್ಕೆಯ ಬಾಗಿಗೆ ಕಟ್ಟಿಟ್ಟು, ಕೊನೆಯಲ್ಲಿ ಇನ್ನೊಂದು ತುದಿಯನ್ನು ಮೊನೆಯ ಕೆಳಗಿನಿಂದ ಬಳಸಿ ತಂದು ತೂತಿನ ಹಿಂದೆ ಕಟ್ಟಿ. ಮೊನೆಗಿಂತ ಅರ್ಧ ಬೆರಳಗಲ ಕೆಳಗೆ ಇಳಿದಿದ್ದರೆ ಸಾಕು.

ಜಿಂಕೆಯ ಮೈಕೂದಲನ್ನು ಒತ್ತೊತ್ತಾಗಿ ಕಟ್ಟಿ, ಬ್ಲೇಡಿನಿಂದ ಕೆತ್ತಿ ಮಾಡುವ ಪಾಪರ್‌ಗಳೂ ಇವೆ. ಟೊಳ್ಳು ಕೂದಲಿನೊಳಗಿನ ಗಾಳಿ ಅದನ್ನು ತೇಲಿಸುತ್ತದೆ, ಬಾಯಿಗೆ ಮೆತ್ತಗೆ ಸಿಗುವುದರಿಂದ ಮೀನು ಅರೆಕ್ಷಣ ಹೆಚ್ಚು ಹಿಡಿದಿರುತ್ತದೆ. ಸುಂದರವಾದ ಕೆಲಸ. ಆದರೆ ಒಂದು ಕಟ್ಟಲು ಒಂದು ಸಂಜೆ ಬೇಕು, ಒಳ್ಳೆಯ ಗುರುವೂ ಬೇಕು. ಇಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ.

ಮೂರನೆಯ ಫ್ಲೈ ವೂಲಿ ಬಗ್ಗರ್. ಪೆನ್ಸಿಲ್ವೇನಿಯಾದವರೇ ಆದ ರಸೆಲ್ ಬ್ಲೆಸಿಂಗ್ ಅವರು 1967ರಲ್ಲಿ ರೂಪಿಸಿದ್ದು. ಮರಬೂ ಎಂಬ ತುಪ್ಪುಳಿನಂಥ ಗರಿಯ ಬಾಲ, ಶೆನೀಲ್ ಎಂಬ ಜುಂಗುಳ್ಳ ದಾರದ ಮೈ, ಉದ್ದಕ್ಕೂ ಸುತ್ತಿದ ಹುಂಜದ ಗರಿ. ಕಟ್ಟಲು ಹತ್ತು ನಿಮಿಷ. ಕಪ್ಪು ಅಥವಾ ಕಡು ಹಸುರಿನದು ಜಿಗಣೆ, ಕಂದು ಬಣ್ಣದ್ದು ಕ್ರೇಫಿಶ್. ಮರಬೂ ಗರಿ ನಿಂತ ನೀರಿನಲ್ಲೂ ಸುಮ್ಮನಿರಲಾರದು. ತಣ್ಣೀರಿನ ದಿನಗಳಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಗಂಟು

ಫ್ಲೈಯನ್ನು ತೂತಿಗೆ ಬಿಗಿದು ಕಟ್ಟಿದರೆ ದಪ್ಪ ಲೀಡರ್ ಅದನ್ನು ಕೋಲಿನಂತೆ ಹಿಡಿದುಕೊಳ್ಳುತ್ತದೆ. ಮೇಜಿನ ಮೇಲೆ ಪಟ್ಟ ಶ್ರಮವೆಲ್ಲ ದಂಡ. ಜಾರದ ಕುಣಿಕೆ ಗಂಟು ಕಲಿಯಿರಿ. ಲೀಡರ್‌ನ ತುದಿಯಿಂದ ಗೇಣಿನಷ್ಟು ಮೇಲೆ ಸಡಿಲವಾದ ಒಂದು ಸಾದಾ ಗಂಟು ಹಾಕಿ. ತುದಿಯನ್ನು ಕೊಕ್ಕೆಯ ತೂತಿನಲ್ಲಿ ಹಾಯಿಸಿ, ಸಾದಾ ಗಂಟಿನಿಂದ ಅದು ಯಾವ ಬದಿಗೆ ಹೊರಬಂದಿತ್ತೋ ಅದೇ ಬದಿಯಿಂದ ಗಂಟಿನೊಳಕ್ಕೆ ಹಾಕಿ. ಮೇಲಿನ ಎಳೆಗೆ ನಾಲ್ಕೈದು ಸುತ್ತು ಸುತ್ತಿ, ಮತ್ತೆ ಅದೇ ಬದಿಯಿಂದ ಗಂಟಿನೊಳಗೆ ತಂದು, ಎಂಜಲು ಹಚ್ಚಿ ನಿಧಾನವಾಗಿ ಎಳೆಯಿರಿ. ಕುಣಿಕೆ ಚಿಕ್ಕದಿರಲಿ, ಕಡಲೆಕಾಳಿನಷ್ಟು.

ಬೀಸುವುದು

ನೀರಿಗೆ ಹೋಗುವ ಮೊದಲು ಹುಲ್ಲಿನ ಮೇಲೆ, ಕೊಕ್ಕೆ ಕತ್ತರಿಸಿದ ಪಾಪರ್ ಕಟ್ಟಿ ಅಭ್ಯಾಸ ಮಾಡಿ. ಉಣ್ಣೆಯ ಕುಚ್ಚು ಕಟ್ಟಿ ಕಲಿತವರು ನಿಜವಾದ ಪಾಪರ್ ಕಟ್ಟಿದ ದಿನ ಗಲಿಬಿಲಿಗೊಳ್ಳುತ್ತಾರೆ. ದಪ್ಪ ಫ್ಲೈ ಗಾಳಿಯಲ್ಲಿ ನಿಧಾನ, ಲೈನ್ ಹಿಂದಕ್ಕೆ ನೇರವಾಗಲು ಹೆಚ್ಚು ಹೊತ್ತು ಬೇಕು. ಹಿಂದಕ್ಕೆ ಬೀಸಿ, ರಾಡ್ ನಿಲ್ಲಿಸಿ, ಲೈನ್ ಹಿಂದಿನಿಂದ ರಾಡನ್ನು ಸಣ್ಣಗೆ ಜಗ್ಗುವವರೆಗೆ ಕಾದು, ಆಮೇಲೆ ಮುಂದಕ್ಕೆ ಬೀಸಿ. ಅವಸರಪಟ್ಟರೆ ಚಾಟಿಯ ಸದ್ದು ಕೇಳಿಸುತ್ತದೆ, ಫ್ಲೈ ನಿಮ್ಮ ಬೆನ್ನಿಗೆ ಬೀಳುತ್ತದೆ. ಭಾರದ ಕ್ಲೌಸರ್‌ಗೆ ಲೈನ್‌ನ ಸುರುಳಿ ಅಗಲವಾಗಿರಲಿ. ಕಿರಿದಾದ ಸುರುಳಿಯಲ್ಲಿ ಅದು ರಾಡಿಗೇ ಬಡಿದು ಬಿರುಕು ಬಿಡಿಸೀತು.

ದೂರದ ಆಸೆ ಬೇಡ. 10ರಿಂದ 15 ಮೀಟರ್ ಸಾಕು, ಬಹಳಷ್ಟು ಬ್ಯಾಸ್ ಅದರೊಳಗೇ ಸಿಗುತ್ತದೆ. ಗುರಿ ಮುಖ್ಯ. ಬಿದ್ದ ಮರದಿಂದ ಒಂದು ಮಾರು ಆಚೆ ಬಿದ್ದ ಫ್ಲೈಗೂ ಕೊಂಬೆಗೆ ಒರಸಿಕೊಂಡು ಬಿದ್ದ ಫ್ಲೈಗೂ ಅಜಗಜಾಂತರ.

ನೀರಿನ ಮೇಲೆ

ಫ್ಲೈ ಬಿದ್ದೊಡನೆ ರಾಡ್‌ನ ತುದಿಯನ್ನು ನೀರಿಗೆ ತಾಗುವಷ್ಟು ಇಳಿಸಿ, ಫ್ಲೈಯ ಕಡೆಗೇ ನೇರ ಹಿಡಿಯಿರಿ. ರಾಡ್ ಹಿಡಿದ ಕೈಯ ತೋರುಬೆರಳ ಕೆಳಗೆ ಲೈನ್ ಹಾಯಲಿ, ಇನ್ನೊಂದು ಕೈ ಅದನ್ನು ಹಿಂದಿನಿಂದ ಎಳೆಯಲಿ. ರಾಡ್ ಮೇಲಕ್ಕಿದ್ದರೆ ಸಡಿಲು ಉಳಿಯುತ್ತದೆ, ಸಡಿಲು ಉಳಿದರೆ ಮೀನು ಉಗುಳಿ ಹೋದದ್ದು ನಿಮಗೆ ಗೊತ್ತೇ ಆಗುವುದಿಲ್ಲ.

ಪಾಪರ್ ಆದರೆ: ಉಂಗುರಗಳೆಲ್ಲ ಮಾಯವಾಗುವವರೆಗೆ ಕಾಯಿರಿ. ಒಂದು ಸಣ್ಣ ಎಳೆತ, ಗೇಣಿನಷ್ಟು. ಮತ್ತೆ ಕಾಯಿರಿ. ಎರಡು ಎಳೆತ. ಮತ್ತೆ ಕಾಯಿರಿ. ಮೀನು ಪಾಪರ್‌ನ ಸದ್ದಿಗೆ ಬಂದು ಕೆಳಗೆ ನಿಂತು ನೋಡುತ್ತದೆ. ಹೊಡೆಯುವುದು ಹೆಚ್ಚಾಗಿ ಆ ನಿಲುಗಡೆಯಲ್ಲೇ. ನೀರು ತುಂಬ ಬೆಚ್ಚಗಿದ್ದು ಮೀನು ಚುರುಕಾಗಿದ್ದರೆ ನಿಲುಗಡೆಯನ್ನು ಕಡಿಮೆ ಮಾಡಿ. ಹೊಡೆತ ಬಿದ್ದು ಕೊಕ್ಕೆ ಚುಚ್ಚದಿದ್ದರೆ ಪಾಪರನ್ನು ಕಿತ್ತು ಎತ್ತಬೇಡಿ, ಅಲ್ಲೇ ಬಿಡಿ. ಅದೇ ಮೀನು ತಿರುಗಿ ಬರುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಕ್ಲೌಸರ್ ಆದರೆ: ಮುಳುಗಲು ಬಿಡಿ, ಎಣಿಸಿ. ತಳಕ್ಕೆ ತಾಗಲು ಎಂಟು ಎಣಿಕೆ ಹಿಡಿದರೆ ಮುಂದಿನ ಸಲ ಏಳಕ್ಕೆ ಎಳೆಯಲು ಶುರುಮಾಡಿ. ಎರಡು ಚುರುಕು ಎಳೆತ, ಒಂದು ನಿಲುಗಡೆ. ಇಳಿಯುವಾಗಲೇ ಮೀನು ತೆಗೆದುಕೊಳ್ಳುತ್ತದೆ, ಆದ್ದರಿಂದ ಕೈಗೆ ತಿಳಿಯುವುದು ಕಡಿಮೆ. ನಿಮ್ಮ ಕಣ್ಣು ಲೈನ್ ನೀರಿಗೆ ಇಳಿಯುವ ಜಾಗದ ಮೇಲಿರಲಿ. ಲೈನ್ ಪಕ್ಕಕ್ಕೆ ಸರಿದರೆ, ಮುಳುಗುವುದನ್ನು ಸುಮ್ಮನೆ ನಿಲ್ಲಿಸಿದರೆ, ಎಳೆಯಿರಿ.

ಹೊಳೆಯಲ್ಲಿ ಸ್ಮಾಲ್‌ಮೌತ್ ಹುಡುಕುವಾಗ ದೊಡ್ಡ ಬಂಡೆಯ ಹಿಂದಿನ ಸುಳಿ, ರಭಸದ ನೀರೂ ನಿಧಾನದ ನೀರೂ ಕೂಡುವ ಗೆರೆ, ಮಡುವಿನ ಬಾಯಿ ಮತ್ತು ಬಾಲ, ಇಷ್ಟನ್ನು ನೋಡಿ. ಬಂಡೆಯ ಮುಂದೆ ಕೂಡ ಒಂದು ಮೆತ್ತೆಯಂಥ ನಿಧಾನ ನೀರಿರುತ್ತದೆ. ಹೆಚ್ಚಿನವರು ಅದನ್ನು ಬಿಟ್ಟು ಮುಂದೆ ಹೋಗುತ್ತಾರೆ.

ಇನ್ನು ಚುಚ್ಚುವುದು. ಟ್ರೌಟ್ ಹಿಡಿದು ಬಂದವರ ಕೈ ಮೀನು ತಾಗಿದೊಡನೆ ರಾಡನ್ನು ಮೇಲಕ್ಕೆತ್ತುತ್ತದೆ. ಬ್ಯಾಸ್‌ಗೆ ಹಾಗೆ ಮಾಡಿದರೆ ಫ್ಲೈ ಬಾಯಿಂದ ಹಾರಿ ಮುಖಕ್ಕೇ ಬರುತ್ತದೆ. ರಾಡ್ ಕೆಳಗೇ ಇರಲಿ. ಲೈನ್ ಹಿಡಿದ ಕೈಯಿಂದ ಉದ್ದಕ್ಕೆ, ಬಲವಾಗಿ, ಭಾರ ಸಿಗುವವರೆಗೆ ಎಳೆಯಿರಿ. ಭಾರ ಸಿಕ್ಕಮೇಲೆ ರಾಡ್ ಎತ್ತಿ. ಮೀನು ಇರದಿದ್ದರೂ ಈ ರೀತಿಯಲ್ಲಿ ಫ್ಲೈ ಒಂದೆರಡು ಅಡಿ ಸರಿದಿರುತ್ತದೆ ಅಷ್ಟೇ, ಮೀನಿನ ಕಣ್ಣೆದುರೇ ಉಳಿದಿರುತ್ತದೆ. ಜೊಂಡಿನಲ್ಲಿ ಸಿಕ್ಕ ಲಾರ್ಜ್‌ಮೌತ್‌ಗೆ ಮೊದಲ ಎರಡು ಕ್ಷಣ ಬಿಡುವು ಕೊಡಬೇಡಿ. ತಲೆ ಈಚೆಗೆ ತಿರುಗಿಸಿಬಿಡಿ. ದಂಟುಗಳಿಗೆ ಸುತ್ತಿತೆಂದರೆ ಮುಗಿಯಿತು.

ಹೊತ್ತು, ಋತು, ನೀರಿನ ಬಿಸಿ

ಒಂದು ಥರ್ಮಾಮೀಟರ್ ಜೇಬಿನಲ್ಲಿರಲಿ. ನೀರು 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಮೀನಿನ ಮೈಯೇ ನಿಧಾನ. ವೂಲಿ ಬಗ್ಗರನ್ನು ತಳದಲ್ಲಿ ತೆವಳಿಸಿ. ವಸಂತದಲ್ಲಿ ನೀರು ಬೆಚ್ಚಗಾಗುತ್ತಾ ಬಂದಂತೆ ಮೀನು ದಡದ ಕಡೆ ಸರಿಯುತ್ತದೆ, ಹಸಿದಿರುತ್ತದೆ. ಕ್ಲೌಸರ್‌ನ ಕಾಲ ಅದು. ಬೇಸಿಗೆಯಲ್ಲಿ ನಸುಕು ಮತ್ತು ಮುಸ್ಸಂಜೆ ಪಾಪರ್‌ಗೆ. ನಡುಹಗಲು ನೆರಳಿನಲ್ಲಿ ಅಥವಾ ಆಳದಲ್ಲಿ ಹುಡುಕಿ. ಮೋಡ ಕವಿದ ದಿನ ಸಿಕ್ಕರೆ ಹಗಲಿಡೀ ಪಾಪರ್ ಬಿಚ್ಚಬೇಡಿ.

ನೀರು ಸುಮಾರು 15ರಿಂದ 18 ಡಿಗ್ರಿ ಮುಟ್ಟಿದಾಗ ಮೊಟ್ಟೆಯ ಕಾಲ. ಗಂಡುಮೀನು ದಡದ ಹತ್ತಿರ ಬಾಲದಿಂದ ತಳವನ್ನು ಗುಡಿಸಿ ತಟ್ಟೆಯಂಥ ಗೂಡು ಮಾಡಿ, ಮೊಟ್ಟೆಗೂ ಮರಿಗಳಿಗೂ ಕಾವಲು ನಿಲ್ಲುತ್ತದೆ. ಆಗ ಅದು ಹಸಿವಿನಿಂದಲ್ಲ, ಮರಿಗಳ ರಕ್ಷಣೆಗಾಗಿ ಯಾವ ಫ್ಲೈಯನ್ನಾದರೂ ಹೊಡೆಯುತ್ತದೆ. ಅದನ್ನು ಹಿಡಿದು ಐದು ನಿಮಿಷ ಆಡಿಸುವಷ್ಟರಲ್ಲಿ ಚಿಕ್ಕ ಸನ್‌ಫಿಶ್‌ಗಳು ಗೂಡನ್ನು ಬರಿದು ಮಾಡಿರುತ್ತವೆ. ಗೂಡಿನ ಮೇಲಿನ ಮೀನಿಗೆ ನಾನು ಫ್ಲೈ ಹಾಕುವುದಿಲ್ಲ, ನೀವೂ ಹಾಕಬೇಡಿ. ಕೆಲವು ಕಡೆ ಆ ಋತುವಿನಲ್ಲಿ ಬ್ಯಾಸ್ ಹಿಡಿಯುವುದಕ್ಕೇ ನಿಷೇಧವಿದೆ. ಪರವಾನಗಿಯ ಜೊತೆಗೆ ಸ್ಥಳೀಯ ನಿಯಮವನ್ನೂ ಓದಿಕೊಂಡು ಹೊರಡಿ.

ಹಿಡಿದ ಮೀನನ್ನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಹೆಬ್ಬೆರಳನ್ನು ಕೆಳದವಡೆಯೊಳಗಿಟ್ಟು ಹಿಡಿಯಬಹುದು, ಹಲ್ಲು ಅರದಂತಿರುತ್ತವೆ, ಕೊಯ್ಯುವುದಿಲ್ಲ. ದೊಡ್ಡ ಮೀನನ್ನು ದವಡೆಯಿಂದಲೇ ಅಡ್ಡಕ್ಕೆ ನೇತುಹಾಕಬೇಡಿ, ಇನ್ನೊಂದು ಕೈ ಹೊಟ್ಟೆಯ ಕೆಳಗಿರಲಿ. ಮುಳ್ಳಿಲ್ಲದ ಕೊಕ್ಕೆ ಒಂದು ತಿರುವಿಗೆ ಕಳಚಿಕೊಳ್ಳುತ್ತದೆ.

ಹಿಡಿದು ಬಿಡುವುದು ಎಲ್ಲ ಕಡೆಯೂ ಒಳ್ಳೆಯದೆಂದು ಮಾತ್ರ ತಿಳಿಯಬೇಡಿ. ಬ್ಯಾಸ್ ತನ್ನ ಮೂಲದ ನೀರಿನಾಚೆ ಬಿಡಲ್ಪಟ್ಟ ಹಲವು ಕಡೆ ಸ್ಥಳೀಯ ಮೀನುಗಳ ಮೇಲೆ ಎರಗಿದೆ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಸಿಕ್ಕ ಲಾರ್ಜ್‌ಮೌತ್ ಹತ್ತು ಕಿಲೋಗೂ ಮಿಕ್ಕಿತ್ತು. 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಆದ ವಿಶ್ವದಾಖಲೆಗೆ ಅದು ಸರಿಸಮ ಎನಿಸಿತು. ಅದೇ ಸರೋವರದಲ್ಲಿ ಹಿಡಿದ ಬ್ಯಾಸನ್ನು ಮರಳಿ ನೀರಿಗೆ ಬಿಡುವುದಕ್ಕೆ ನಿಷೇಧವಿದೆ. ಆದ್ದರಿಂದ ನೀವಿರುವ ನೀರು ಆ ಮೀನಿನ ತವರೋ ಅಲ್ಲವೋ ಮೊದಲು ತಿಳಿಯಿರಿ. ಒಂದು ನೀರಿನ ಮೀನನ್ನು ಇನ್ನೊಂದಕ್ಕೆ ಎಂದೂ ಒಯ್ಯಬೇಡಿ.

ಮನೆಗೆ ಬಂದಮೇಲೆ ಫ್ಲೈ ಡಬ್ಬಿಯ ಮುಚ್ಚಳ ರಾತ್ರಿಯಿಡೀ ತೆರೆದಿರಲಿ, ಇಲ್ಲವಾದರೆ ಕೊಕ್ಕೆಗಳಿಗೆ ತುಕ್ಕು ಹಿಡಿದು ಬಿಳಿ ಕೂದಲೆಲ್ಲ ಕಂದಾಗುತ್ತದೆ. ರಬ್ಬರ್ ಕಾಲಿನವನ್ನು ಬಿಸಿಲಿಗೆ ಇಡಬೇಡಿ, ಒಣಗಿ ತುಂಡಾಗುತ್ತವೆ. ಕ್ಲೌಸರ್‌ಗಳ ಕಣ್ಣನ್ನು ಒಂದೊಂದಾಗಿ ಬೆರಳಿನಿಂದ ತಿರುಗಿಸಿ ನೋಡಿ. ಸಡಿಲವಾದದ್ದಕ್ಕೆ ಒಂದು ಹನಿ ಅಂಟು. ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಎಳೆಯಿರಿ: ಗೀಚಿದರೆ ಚೂಪಿದೆ, ಜಾರಿದರೆ ಅರದಿಂದ ಎರಡು ಸಲ ಉಜ್ಜಿ. ಮೀನು ಅಗಿದು ಕೂದಲು ಅರ್ಧ ಉದುರಿಸಿಕೊಂಡ ಕ್ಲೌಸರನ್ನು ಮಾತ್ರ ಎಸೆಯಬೇಡಿ. ಮುಂದಿನ ಸಲ ಅದನ್ನೇ ಮೊದಲು ಕಟ್ಟಿ ನೋಡಿ.